ಹಾನಗಲ್ಲಿನ ಸಮುದ್ರದಲ್ಲಿ ಬೆಣ್ಣೆ

ದೇವತೆಗಳೂ ದಾನವರೂ ಸೇರಿ, ಒಂದು ಪರ್ವತವನ್ನೇ ಕಡಗೋಲು ಮಾಡಿಕೊಂಡು ಸಮುದ್ರ ಕಡೆದರಲ್ಲ, ಅವರಿಗೆ ಏನೇನು ಸಿಕ್ಕಿತು? ವಿಷ ಸಿಕ್ಕಿತು, ಆನೆ ಸಿಕ್ಕಿತು, ಕುದುರೆ ಸಿಕ್ಕಿತು, ಕೊನೆಗೆ ಅಮೃತವೂ ಸಿಕ್ಕಿತು. ಬೆಣ್ಣೆ ಸಿಕ್ಕಿತೇ? ಇಲ್ಲ! ಅದು ನಮ್ಮ ಅತ್ತೆಗೆ ಸಿಕ್ಕಿತು. ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ, ಒಂದು ಮಂಗಳವಾರ ಮುಂಜಾನೆ, ಎರಡನೆಯ ಚಹಾಕ್ಕೆ ಮೊದಲೇ, ಒಬ್ಬರೇ ಕೂತು ಸಮುದ್ರ ಕಡೆದು ಬೆಣ್ಣೆ ತೆಗೆದರು. ಸಾಕ್ಷಿಗೆ ನಾನಿದ್ದೆ. ಸಾಕ್ಷಿಯಷ್ಟೇ ಅಲ್ಲ, ಆರೋಪಿಯೂ ನಾನೇ. ಆದರೆ ಅದನ್ನು ಈಗಲೇ ವಿವರಿಸಿಬಿಟ್ಟರೆ ನೀವು ಮುಂದೆ ಓದುತ್ತೀರಾ?

ಹಾನಗಲ್ಲಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಭೂಗೋಳದ ಪ್ರಕಾರ ಏನೂ ಇಲ್ಲ. ಶಿರಸಿ ದಾಟಿ, ಘಟ್ಟ ಇಳಿದು, ಹೊಟ್ಟೆಯಲ್ಲಿದ್ದದ್ದೆಲ್ಲ ಕಿಟಕಿಯಿಂದಾಚೆ ಹೋದ ಮೇಲೆ ಕುಮಟಾ ಬರುತ್ತದೆ, ಆಮೇಲೆ ಸಮುದ್ರ. ಇದು ಎಪ್ಪತ್ತರ ದಶಕದ ಮಾತು. ನನ್ನ ಮದುವೆಗೆ ಕೆಲವೇ ತಿಂಗಳ ಮುಂಚೆ ಅತ್ತೆ ಓಣಿಯ ಹೆಂಗಸರ ಜೊತೆ ಗೋಕರ್ಣಕ್ಕೆ ಹೋಗಿದ್ದರಂತೆ. ಉಳಿದವರು ತಂಬಿಗೆಯಲ್ಲಿ ತೀರ್ಥ ತಂದರು. ನಮ್ಮ ಅತ್ತೆ ಎರಡು ಕ್ಯಾನಿನಲ್ಲಿ ಸಮುದ್ರವನ್ನೇ ತಂದರು. ಒಳಗೆ ಒಂದು ಮೀನು! ಹೆಬ್ಬೆರಳಿನಷ್ಟು ಉದ್ದ, ಕೆಸರಿನ ಬಣ್ಣ, ಕಪ್ಪೆಯ ಮುಖ, ಹುಬ್ಬಿನ ಜಾಗದಲ್ಲಿ ಎರಡು ಕುಚ್ಚು. ಜೊತೆಗೊಂದು ಕಲ್ಲು, ಕಲ್ಲಿಗಂಟಿದ ಒಂದು ಹೂವಿನಂಥ ಜೀವ. ಅದು ಖುಷಿಯಾದಾಗ ಅರಳುತ್ತಿತ್ತು, ಬೇಸರವಾದಾಗ ಮುದುಡುತ್ತಿತ್ತು. ನಾನು ಬಂದ ಮೇಲೆ ಅದನ್ನು 'ಸೀ ಅನಿಮೋನ್' ಎಂದು ಗುರುತಿಸಿದೆ. ಅತ್ತೆ ಮೊದಲೇ ಅದಕ್ಕೆ 'ಕಲ್ಲ ಶಾವಂತಿಗಿ' ಎಂದು ಹೆಸರಿಟ್ಟಾಗಿತ್ತು. ಯಾವ ಹೆಸರು ಉಳಿಯಿತು ಎಂದು ಕೇಳಿ ನನ್ನನ್ನು ನೋಯಿಸಬೇಡಿ.

ಯಾಕೆ ತಂದಿರಿ ಎಂದರೆ ಅವರ ಉತ್ತರ ಒಂದೇ. "ಸಮುದ್ರ ಹಿಂದ ಸರದಿತ್ತವಾ. ಬಂಡಿಗಲ್ಲಿನ ತಗ್ಗಿನ್ಯಾಗ ಇದೊಂದ ಉಳದಿತ್ತು. ಬಿಟ್ಟ ಬರಾಕ ಮನಸ ಆಗಲಿಲ್ಲ."

ಮೀನಿಗೊಂದು ಮನೆ ಬೇಕಾಯಿತು. ಸವಣೂರಿನಲ್ಲಿ ಫೋಟೋಗಳಿಗೆ ಚೌಕಟ್ಟು ಹಾಕುವ ಚಾಚಾ ಒಬ್ಬರಿದ್ದರು. ಅತ್ತೆ ಅಳತೆಯ ದಾರ ಹಿಡಿದು ಅವರ ಅಂಗಡಿಗೆ ಹೋದರು.

"ಯಾವ ದೇವರ ಫೋಟೋಕ್ರಿ ಅಮ್ಮಾರ, ಇಷ್ಟ ದೊಡ್ಡ ಗಾಜು?"

"ದೇವರಲ್ಲ ಚಾಚಾ, ಸಮುದ್ರ."

ಚಾಚಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರಂತೆ. "ಸಮುದ್ರಕ್ಕ ಚೌಕಟ್ಟ ಹಾಕಿದ್ರ ನಿಲ್ತೈತೇನ್ರೀ?"

"ನೀವು ಗಾಜಿನ ಸಂದಿಗಿ ಪುಟ್ಟಿ ಬರೋಬರಿ ಮೆತ್ತಿದ್ರ ನಿಲ್ತೈತಿ."

ನಿಂತಿತು! ಒಂದು ಮೂಲೆಯಲ್ಲಿ ಸ್ವಲ್ಪ ಜಿನುಗುತ್ತಿತ್ತು, ಅಷ್ಟೇ. ಅಲ್ಲೊಂದು ಬಟ್ಟಲು ಇಟ್ಟಿದ್ದರು. ಬಟ್ಟಲು ತುಂಬಿದಾಗ ಸಮುದ್ರವನ್ನು ಮತ್ತೆ ಸಮುದ್ರಕ್ಕೆ ಸುರಿಯುವುದು.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಬೆಳಗಾವಿಯ ಕಾನ್ವೆಂಟಿನಿಂದ, ಬಿ.ಎಸ್‌ಸಿ. ಮೊದಲ ವರ್ಷವನ್ನು ಅರ್ಧಕ್ಕೆ ಬಿಟ್ಟು. ಅಂದರೆ ನನ್ನ ತಲೆಯಲ್ಲಿ ಅರ್ಧ ವಿಜ್ಞಾನವಿತ್ತು. ಅಹಂಕಾರ ಮಾತ್ರ ಇಡಿಯಾಗಿತ್ತು. ಹೊಸ್ತಿಲು ದಾಟಿದ ಕೂಡಲೇ ಅತ್ತೆ ನನ್ನ ಕೈ ಹಿಡಿದು ಮೊದಲು ದೇವರ ಮುಂದೆ ನಿಲ್ಲಿಸಿದರು, ಆಮೇಲೆ ಮೀನಿನ ಮುಂದೆ. "ನೋಡಪಾ, ನಿನ್ನಂಗ ಈಕಿನೂ ಹೊಸಬಳು. ಇಬ್ಬರೂ ಹೊಂದಿಕೊಂಡ ಇರ್ರಿ." ಮೀನು ನನ್ನನ್ನು ನೋಡಿ ಕುಚ್ಚು ಆಡಿಸಿತು. ಐ ವಾಸ್ ಶಾಕ್ಡ್! ಶುದ್ಧ ಶಾಕಾಹಾರಿ ಮನೆ. ಎದುರುಮನೆಯ ಗೌರಕ್ಕ ಅಂತೂ ದಿನಾ ಕಿಟಕಿಯಲ್ಲಿ ಹಣಿಕಿ ಹಾಕಿ ಕೇಳುತ್ತಿದ್ದಳು: "ಏನಬೇ, ಇನ್ನೂ ಎಷ್ಟ ದಿನ ಬೆಳಸಾಕಿ ಅದನ್ನ?"

ಉಪ್ಪಿನ ಪರೀಕ್ಷೆಗೆ ನಾನು ಹೈಡ್ರೋಮೀಟರ್ ಬೇಕೆಂದೆ. ಅತ್ತೆ ತೋರುಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು, ಸಾರಿನ ರುಚಿ ನೋಡುವ ಹಾಗೆ. "ಉಪ್ಪು ಸರಿ ಐತಿ." ಬಿಸಿಲಿಗೆ ನೀರು ಆರಿ ಉಪ್ಪು ಹೆಚ್ಚಾದರೆ ಒಂದು ತಂಬಿಗೆ ಬಾವಿನೀರು. ಸೋಮವಾರ ಅವರ ಒಪ್ಪತ್ತು. ಆ ದಿನ ಬೆರಳು ಅದ್ದುವ ಕೆಲಸ ನನ್ನದು. ಬಿ.ಎಸ್‌ಸಿ. ಅರ್ಧ ಓದಿದ್ದು ಹೀಗಾದರೂ ಉಪಯೋಗಕ್ಕೆ ಬಂತು.

ಈಗ ನನ್ನ ಕನ್ಫೆಷನ್. ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಶನಿವಾರ ಕನ್ಫೆಷನ್ನಿಗೆ ಹೋಗಿ ಹಗುರಾಗಿ ಬರುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಹತ್ತಿರ ಹೇಳಿಕೊಳ್ಳುವಂಥ ಪಾಪವೇ ಇರಲಿಲ್ಲ. ಹಾನಗಲ್ಲು ಆ ಕೊರತೆ ನೀಗಿಸಿತು.

ವಿಷಯ ಏನೆಂದರೆ, ನಮ್ಮ ಅತ್ತೆಯ ರೊಟ್ಟಿ ಗಾಡಿಯ ಗಾಲಿಯಷ್ಟಿತ್ತು. ನನ್ನ ಹೊಟ್ಟೆ ಹಾಸ್ಟೆಲ್ಲಿನ ಎರಡು ಟೋಸ್ಟಿಗೆ ಪಳಗಿದ್ದು. 'ಸಾಕು' ಅನ್ನಬಾರದಿತ್ತೇ ಎನ್ನುತ್ತೀರಾ? ಆ ಮನೆಯಲ್ಲಿ 'ಸಾಕು' ಎಂಬ ಮಾತಿಗೆ 'ನಾಚಿಕೆಯಾಗುತ್ತಿದೆ, ನೀವೇ ಒತ್ತಾಯ ಮಾಡಿ' ಎಂದು ಅರ್ಥ. ಮೊದಲನೆಯ ರೊಟ್ಟಿ ಹಸಿವೆಗೆ. ಎರಡನೆಯದು ಬೆಣ್ಣೆ ಹಚ್ಚಿದ್ದೇನೆ ಎಂಬ ಕಾರಣಕ್ಕೆ. ಮೂರನೆಯದು ಎರಡಕ್ಕೇ ಏಳಬಾರದು ಎಂಬ ಶಾಸ್ತ್ರಕ್ಕೆ. ನಾಲ್ಕನೆಯದು, ನೀವು ಮೂರನೆಯದನ್ನು ಗಾಬರಿಯಿಂದ ನೋಡುತ್ತಿರುವಾಗ ಮೇಲಿಂದ ಬೀಳುವಂಥದ್ದು! ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಬೀಳುತ್ತಿತ್ತು. ಅದರ ಮೇಲೆ ಗುರೆಳ್ಳು ಹಿಂಡಿ ಎಂಬ ಕಪ್ಪು ಚಟ್ನಿಪುಡಿ, ಹಿಂಡಿಯ ಮೇಲೆ ಬೆಣ್ಣೆಯ ಉಂಡೆ. ಬಡಿಸಿ ಅತ್ತೆ ಒಳಗೆ ಇನ್ನೊಂದು ತರಲು ಹೋಗುತ್ತಿದ್ದರು.

ಅನ್ನ ಚೆಲ್ಲುವುದು ಪಾಪ. ಹಿತ್ತಿಲಲ್ಲಿ ನಾಯಿಗೆ ಹಾಕೋಣವೆಂದರೆ ಅಡುಗೆಮನೆ ದಾಟಿ ಹೋಗಬೇಕು. ನಾನು ಉಣ್ಣಲು ಕೂರುವ ಜಾಗದಿಂದ ಒಂದು ಮೊಳ ದೂರದಲ್ಲಿ ಏನಿತ್ತು? ಸಮುದ್ರ! ಪ್ರಾವಿಡೆನ್ಸ್ ಎಂದರೆ ಇದೇ ಅಲ್ಲವೇ?

ದಿನಕ್ಕೆ ಎರಡು ರೊಟ್ಟಿ, ಸಣ್ಣ ಸಣ್ಣ ಚೂರು ಮಾಡಿ, ಬೆಣ್ಣೆ ಹಿಂಡಿ ಸಮೇತ. "ಈಟ್, ಮೈ ಡಿಯರ್," ಎಂದು ಪಿಸುಗುಟ್ಟಿ ಹಾಕುತ್ತಿದ್ದೆ. ನಮ್ಮ ಯಜಮಾನರು ಶಿಗ್ಗಾವಿಯಲ್ಲಿ ಮಾಸ್ತರರು, ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ಬರುವವರು. ಇಡೀ ಹಾನಗಲ್ಲಿನಲ್ಲಿ ನನ್ನ ಇಂಗ್ಲಿಷ್ ಕೇಳುವವರು ಆ ಮೀನು ಬಿಟ್ಟರೆ ಯಾರಿದ್ದರು? ಮೀನು ಒಂದು ಚೂರು ಕಚ್ಚುತ್ತಿತ್ತು, ಒಂಬತ್ತು ಚೂರು ಕಲ್ಲಿನ ಸಂದಿಗೆ ಇಳಿಯುತ್ತಿದ್ದವು. ಔಟ್ ಆಫ್ ಸೈಟ್, ಔಟ್ ಆಫ್ ಮೈಂಡ್!

ಒಂದೇ ತಿಂಗಳಲ್ಲಿ ನೀರು ಹಸಿರಾಯಿತು. ಮೊದಲು ಪುದೀನಾ ಚಟ್ನಿಯ ಹಾಗೆ, ಆಮೇಲೆ ಪಾಲಕ ಪಲ್ಯದ ಹಾಗೆ. ಗಾಜಿಗೆ ಲೋಳೆ ಹಿಡಿಯಿತು. ಕಲ್ಲ ಶಾವಂತಿಗಿ ಮುದುಡಿದ್ದು ಅರಳಲೇ ಇಲ್ಲ. ಮೀನು ನೀರಿನ ಮೇಲ್ಗಡೆ ಬಂದು ಬಾಯಿ ಬಾಯಿ ಬಿಡತೊಡಗಿತು. ಅತ್ತೆ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಯಾಕೋ ತಮ್ಮಾ? ಏನ ಆಗೇತಿ ನಿನಗ?" ಎಂದು ಕೇಳಿದರು. ಆ 'ತಮ್ಮ' ಬಾಯಿ ಬಿಟ್ಟಾಗಲೆಲ್ಲ ನಾನು ಗಾಜಿಗೆ ಅಡ್ಡ ನಿಲ್ಲುತ್ತಿದ್ದೆ. ಎಲ್ಲಿ ಹೇಳಿಬಿಡುತ್ತಾನೋ!

ಹೇಳಿಬಿಡಬೇಕಿತ್ತು ನಾನು. ಆದರೆ ಅತ್ತೆಯ ರೊಟ್ಟಿಯನ್ನು ನೀರಿಗೆ ಹಾಕಿದೆ ಎಂದು ಯಾವ ಬಾಯಿಂದ ಹೇಳಲಿ? ಆ ಮಾತು ಬೆಳಗಾವಿ ಮುಟ್ಟಿದರೆ ನಮ್ಮ ಅವ್ವ ಮುಖ ಎಲ್ಲಿಡಬೇಕು? ಸೊ, ನಾನು ವಿದ್ಯಾವಂತರು ಮಾಡುವುದನ್ನೇ ಮಾಡಿದೆ. ತನಿಖೆಯ ಮುಂದಾಳತ್ವ ವಹಿಸಿಕೊಂಡೆ!

"ಅತ್ಯಾರ, ಇದು ಓವರ್‌ಫೀಡಿಂಗ್. ಯಾರೋ ಹೆಚ್ಚು ತಿನ್ನಾಕ ಹಾಕಾಕತ್ತಾರ."

ಪಕ್ಕಾ ಆರೋಪಿಗಳೂ ಸಿಕ್ಕರು. ಹಾನಗಲ್ಲಿಗೆ ಸಮುದ್ರ ಬಂದಿದೆ ಎಂಬ ಸುದ್ದಿ ಹಂಸಭಾವಿ, ಚಿಕ್ಕೇರೂರಿನವರೆಗೂ ಹಬ್ಬಿ, ಸಂತೆಗೆ ಬಂದವರೆಲ್ಲ ನಮ್ಮ ಪಡಸಾಲೆಗೂ ಬಂದು ಹೋಗುತ್ತಿದ್ದರು. ಬರಿಗೈಯಲ್ಲಿ ಯಾರು ಬರುತ್ತಾರೆ? ಒಬ್ಬರು ಚುರುಮುರಿ, ಒಬ್ಬರು ಪುಠಾಣಿ. ಹಂಸಭಾವಿಯ ಒಬ್ಬ ಅಜ್ಜಿಯಂತೂ "ಗಂಗವ್ವ ಮನಿತನಕ ಬಂದಾಳ, ಬರೇ ಕೈಲೆ ನೋಡಬಾರದು" ಎಂದು, ನಾವು ಹಾಂ ಹಾಂ ಎನ್ನುವಷ್ಟರಲ್ಲಿ ಸಮುದ್ರಕ್ಕೆ ಉಡಿ ತುಂಬಿಬಿಟ್ಟಳು! ಅಕ್ಕಿ, ಅರಿಶಿನ, ಕೊಬ್ಬರಿ ಬಟ್ಟಲು, ಬಾಳೆಹಣ್ಣು. ಮೀನು ಕೊಬ್ಬರಿ ಬಟ್ಟಲಿನ ಕೆಳಗೆ ಅಡಗಿ ಕೂತಿತು. ಅವತ್ತಿನಿಂದ ಕಾಯ್ದೆ ಜಾರಿಯಾಯಿತು: ಅತ್ತೆ ಮುಂಜಾನೆ ಹಾಕುವ ಒಂದು ಚಿಟಿಕೆ ಬಿಟ್ಟರೆ ಯಾರೂ ಏನೂ ಹಾಕಕೂಡದು. ಕಾಯ್ದೆಯನ್ನು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ತೂಗುಹಾಕಿದವಳು ನಾನು. ಅದರ ಕೆಳಗೇ ಕೂತು, ಮಧ್ಯಾಹ್ನ ಎರಡು ರೊಟ್ಟಿ ಹಾಕಿದವಳೂ ನಾನೇ!

ನೀರು ತಿಳಿಯಾಗಲಿಲ್ಲ. ನಾನು ಕಾನ್ವೆಂಟಿನ ಬಯಾಲಜಿ ಸಿಸ್ಟರಿಗೆ ಪತ್ರ ಬರೆದೆ. ಅವರು ಲೈಬ್ರರಿಯ ಪುಸ್ತಕ ನೋಡಿ ಎರಡು ಪುಟದ ಉತ್ತರ ಕಳಿಸಿದರು. ಸಮುದ್ರದ ನೀರಿನಲ್ಲಿ ನ್ಯೂಟ್ರಿಯೆಂಟ್ ಹೆಚ್ಚಾದರೆ ಹಸಿರು ಬೆಳೆಯುತ್ತದೆ. ತೆಗೆಯಲು ಹಲವು ದಾರಿಗಳಿವೆ. ನೀರು ಬದಲಿಸಬಹುದು, ಹೊಲಸು ತಿನ್ನುವ ಕಡಲಸಸ್ಯ ಬೆಳೆಸಬಹುದು. ಯಾವುದಾದರೂ ಒಂದನ್ನು ಆರಿಸಿಕೊಂಡು ತಾಳ್ಮೆಯಿಂದಿರು, ಮಗು. ಪತ್ರವನ್ನು ಅತ್ತೆಗೆ ಓದಿ ಕನ್ನಡದಲ್ಲಿ ಹೇಳಿದೆ. ಕೊನೆಯ ಸಾಲಿಗೆ ಸಿಸ್ಟರು ಎರಡು ಅಡಿಗೆರೆ ಎಳೆದಿದ್ದರು: "ಎಲ್ಲಕ್ಕೂ ಮೊದಲು, ಕದ್ದು ತಿನ್ನಿಸುತ್ತಿರುವವರು ಯಾರೆಂದು ಕಂಡುಹಿಡಿ." ಅದನ್ನು ನಾನು ಓದಲಿಲ್ಲ.

ಅತ್ತೆ ಕಾಗದದ ಕಡೆ ಬಗ್ಗಿ ನೋಡಿದರು. "ಕೆಳಗ ಗೆರಿ ಹೊಡದಿದ್ದು ಏನವಾ?"

"ಸಹಿರೀ ಅತ್ಯಾರ."

"ಇಷ್ಟುದ್ದ ಸಹಿ?"

"ಕಾನ್ವೆಂಟಿನ್ಯಾಗ ಹೆಸರ ಭಾಳ ಉದ್ದ ಇರ್ತಾವ್ರಿ."

"ಪಾಪ, ಕರೆಯೂದರಾಗ ಕತ್ತಲಾಗತಿರಬೇಕು," ಎಂದರು ಅತ್ತೆ.

ಮೊದಲ ಉಪಾಯ, ನೀರು ಬದಲಿಸುವುದು. ಅಂದರೆ ಕುಮಟಾ. ಮೊಣಕಾಲು ನೋವಿನ ಅತ್ತೆ ನಾಲ್ಕು ಕ್ಯಾನು ತೆಗೆದುಕೊಂಡು ಬಸ್ಸು ಹತ್ತಿದರು, ಜೊತೆಗೆ ನಾನು. ಬರುವಾಗ ಕಂಡಕ್ಟರ್ ತಡೆದ.

"ಏನಬೇ ಕ್ಯಾನಿನ್ಯಾಗ? ಚಿಮಣಿ ಎಣ್ಣಿ ಆದ್ರ ಹತ್ತಿಸಿಕೊಳ್ಳೂದಿಲ್ಲ ಮತ್ತ."

"ಎಣ್ಣಿ ಅಲ್ಲಪಾ, ಸಮುದ್ರ."

ಅವನು ಮುಚ್ಚಳ ತೆಗೆದು, ಬೆರಳು ಅದ್ದಿ, ನೆಕ್ಕಿ ನೋಡಿದ. "ಖರೇನ ಸಮುದ್ರ! ಹಂಗಾದ್ರ ಟಿಕೀಟ ತಗೀರಿ. ಐದ ವರ್ಷದೊಳಗ ಇದ್ರ ಮಾಫಿ."

"ಕೃತಯುಗದ್ದೈತಿ ತಮ್ಮಾ. ವಯಸ್ಸಾದವರಿಗೆ ಏನರ ಮಾಫಿ ಐತೇನ ನೋಡು."

ಬಸ್ಸು ಶಿರಸಿಯವರೆಗೂ ನಗುತ್ತಲೇ ಬಂತು. ನಾನು ನಗಲಿಲ್ಲ. ಅತ್ತೆಯ ಪಾದ ಬಾತುಕೊಂಡು ಚಪ್ಪಲಿ ಹಿಡಿಯದೆ ಅವನ್ನು ಕೈಯಲ್ಲಿ ಹಿಡಿದಿದ್ದರು. ಇವತ್ತು ಮನೆಗೆ ಹೋದ ಕೂಡಲೇ ಹೇಳಿಬಿಡುತ್ತೇನೆ ಎಂದುಕೊಂಡೆ. ಮನೆಗೆ ಹೋದ ಕೂಡಲೇ ಅತ್ತೆ ಅದೇ ಕಾಲಲ್ಲಿ ನಿಂತು ನನಗೆ ರೊಟ್ಟಿ ಬಡಿದರು. "ಬಸ್ಸಿನ್ಯಾಗ ಎಲ್ಲಾ ಕಾರಿಕೊಂಡಿದಿ, ಇನ್ನೊಂದ ತಿನ್ನ." ಹೇಗೆ ಹೇಳಲಿ? ನೀವಾದರೂ ಹೇಳುತ್ತಿದ್ದಿರೇ?

ಹೊಸ ನೀರು ಹದಿನೈದೇ ದಿನಕ್ಕೆ ಮತ್ತೆ ಹಸಿರು. ಎರಡನೆಯ ಸಲ ಹೋದಾಗ ಕಡಲಸಸ್ಯ ತಂದೆವು. ಅತ್ತೆ ಅದನ್ನು ಕೊತ್ತಂಬರಿ ಸಿವುಡಿನಂತೆ ಕಟ್ಟಿ ಮುಳುಗಿಸಿದರು. ಅದು ಹೊಲಸು ತಿನ್ನುವ ಬದಲು ತಾನೇ ಕೊಳೆಯಿತು. ಗೌರಕ್ಕ ಮೂಗು ಮುಚ್ಚಿಕೊಂಡು "ಇನ್ನರ ಸಾರ ಮಾಡಿ ಮುಗಸ್ರಿ" ಎಂದಳು.

ಮೂರನೆಯದು ನನ್ನ ಸ್ವಂತ ಆವಿಷ್ಕಾರ: ಪಟಕಾ, ಅಂದರೆ ಆಲಮ್! ರಾಡಿನೀರು ತಿಳಿ ಮಾಡಲು ಎಲ್ಲರೂ ಕೊಡದಲ್ಲಿ ತಿರುಗಿಸುತ್ತಾರಲ್ಲ, ನಾನು ಸೈಂಟಿಫಿಕ್ ಆಗಿ ಲಿಂಬೆಹಣ್ಣಿನಷ್ಟು ಹಾಕಿದೆ. ಒಂದು ತಾಸಿನಲ್ಲಿ ಮೀನು ಅಡ್ಡ ಬಿತ್ತು. ಅತ್ತೆ ಅದನ್ನು ಬೊಗಸೆಯಲ್ಲಿ ಎತ್ತಿ, ಉಳಿದಿದ್ದ ಒಂದು ಕ್ಯಾನು ಸಮುದ್ರಕ್ಕೆ ಬಿಟ್ಟು, ಚಹಾ ಆರಿಸುವ ಹಾಗೆ ನೀರನ್ನು ಎತ್ತರದಿಂದ ಎತ್ತಿ ಎತ್ತಿ ಹೊಯ್ದರು. ಸಂಜೆಯವರೆಗೂ ಹೊಯ್ದರು. ಯಜಮಾನರು ಬಸ್ಸಿಳಿದು ಬರುವ ಹೊತ್ತಿಗೆ ಮೀನು ಕುಚ್ಚು ಆಡಿಸಿತು. ಅತ್ತೆ ನನಗೊಂದು ಮಾತು ಬೈಯಲಿಲ್ಲ. "ನೀ ಓದಿದ್ದ ಅರ್ಧ ವರ್ಷ ಅಲ್ಲೇನ? ಉಳದರ್ಧದಾಗ ಇದ್ದೀತು ಉಪಾಯ," ಎಂದರಷ್ಟೇ.

ಪಟಕಾದ ನೀರು ಚೆಲ್ಲಿ ತುಂಬಿದ ಹೊಸ ನೀರೂ ಹಸಿರಾಯಿತು. ಉಪಾಯ ಇದ್ದದ್ದು ಅತ್ತೆಯ ತವರಿನಲ್ಲಿ. ತಿಳವಳ್ಳಿಯ ಅವರ ಮನೆಯಲ್ಲಿ ಹಿಂದೆ ಕಬ್ಬಿನ ಗಾಣ ಆಡುತ್ತಿತ್ತಂತೆ. ಕೊಪ್ಪರಿಗೆಯಲ್ಲಿ ಕಬ್ಬಿನಹಾಲು ಕುದಿಯುವಾಗ ಹೊಲಸೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಜಾಲರಿ ಸೌಟಿನಿಂದ ಅದನ್ನು ತೆಗೆದು ತೆಗೆದು ಚೆಲ್ಲಿದರೆ ಬೆಲ್ಲ ಬಂಗಾರದ ಬಣ್ಣ.

"ಕುಮಟಾದಾಗ ನೋಡಿದೇನ? ಅಲಿ ಬಂಡಿಗಲ್ಲಿಗಿ ಬಡದಲ್ಲೆ ನೊರಿ ಹಳದಿ ಇತ್ತು. ಸಮುದ್ರ ತನ್ನ ಹೊಲಸ ತಾನ ಕಡದ ದಂಡಿಗಿ ಒಗೀತೈತಿ. ನಮ್ಮ ಸಮುದ್ರಕ್ಕ ಅಲಿ ಎಲ್ಲೈತಿ? ಕಡಗೋಲ ತಾ."

ನಾನು ಬಾಯಿಗೆ ಸೆರಗು ಮುಚ್ಚಿ ನಕ್ಕೆ. ಸಾಗರವನ್ನು ಮಜ್ಜಿಗೆಯಂತೆ ಕಡೆಯುವುದೇ! ಎಷ್ಟೋ ವರ್ಷದ ಮೇಲೆ ಒಂದು ಇಂಗ್ಲಿಷ್ ಮ್ಯಾಗಜೀನಿನಲ್ಲಿ ಓದಿದೆ: ಪರದೇಶದಲ್ಲಿ ಸಮುದ್ರದ ಮೀನು ಸಾಕುವವರು ನೀರನ್ನು ನೊರೆಯಾಗಿಸಿ ಹೊಲಸು ತೆಗೆಯಲು ಯಂತ್ರವನ್ನೇ ಇಟ್ಟುಕೊಳ್ಳುತ್ತಾರಂತೆ. ಆಗ ನಗು ಬರಲಿಲ್ಲ.

ಅವತ್ತಿನಿಂದ ದಿನಾ ಮುಂಜಾನೆ ಅತ್ತೆ ಗಡಿಗೆಯಷ್ಟು ಸಮುದ್ರ ಮೊಗೆದು, ಕಂಬಕ್ಕೆ ಹಗ್ಗ ಬಿಗಿದು, ಕಡೆಯಲು ಕೂತರು. ಎರಡು ದಿನ ಬರೀ ಬಿಳಿ ನೊರೆ. ಮೂರನೆಯ ದಿನ, ಮಂಗಳವಾರ, ಹಳದಿ ನೊರೆ ಉಕ್ಕಿತು. ಸೌಟಿನಲ್ಲಿ ಎತ್ತಿದರು. ನೊರೆಯ ನಡುವೆ ಮುತ್ತಿನಂತೆ ಉರುಳಾಡುತ್ತ ಬಂದದ್ದು ಏನು? ಬೆಣ್ಣೆ! ಮೈತುಂಬ ಕಪ್ಪು ಗುರೆಳ್ಳು ಅಂಟಿಸಿಕೊಂಡು!

ಯಜಮಾನರು ಚಹಾದ ಕಪ್ಪು ಹಿಡಿದು ನಿಂತಿದ್ದರು. ಗೌರಕ್ಕ ಕಿಟಕಿಯಲ್ಲಿದ್ದಳು. ನಾನು ಗೋಡೆಗಂಟಿದ್ದೆ, ಗಾಜಿಗಂಟಿದ ಲೋಳೆಯ ಹಾಗೆ. ಅತ್ತೆ ಬೆಣ್ಣೆಯನ್ನು ಬೆರಳಲ್ಲಿ ತಿಕ್ಕಿದರು, ಮೂಸಿದರು. ಪಡಸಾಲೆಯಲ್ಲಿ ನಾನು ದಿನಾ ಕೂರುವ ಜಾಗ ನೋಡಿದರು. ಗಾಜಿನ ಪೆಟ್ಟಿಗೆ ನೋಡಿದರು.

"ಅದು ಬೆಣ್ಣಿ ಅಲ್ಲೇನಬೇ?" ಗೌರಕ್ಕನ ಕಣ್ಣು ಹೊಳೆಯಿತು.

"ಹೌದು. ನಿನ್ನಿ ಮಜ್ಜಿಗಿ ಕಡದು ಕಡಗೋಲ ತೊಳೀಲಿಕ್ಕೇ ಮರತೆ."

"ಗುರೆಳ್ಳು?"

"ಮಜ್ಜಿಗ್ಯಾಗ ಬಿದ್ದಿತ್ತು. ನಿನಗ ಮನ್ಯಾಗ ಕೆಲಸ ಇಲ್ಲೇನ ಗೌರವ್ವಾ?"

ತಂಬಿಗೆಯನ್ನೇ ಮೂರು ಸಲ ತೊಳೆಯುವ ಹೆಣ್ಣುಮಗಳು ಕಡಗೋಲು ತೊಳೆಯಲು ಮರೆತರು ಎಂದು ನಾನು ನಂಬಿದೆ! ನಂಬಿದ್ದಷ್ಟೇ ಅಲ್ಲ, ಪಾರಾದೆ ಎಂದು ಮನಸ್ಸಿನಲ್ಲೇ ಕುಣಿದೆ. ಪಾಪ, ಹಳ್ಳಿಯವರು, ಎಷ್ಟು ಮುಗ್ಧರು ಎಂದು ಕನಿಕರವನ್ನೂ ಪಟ್ಟೆ. ನನ್ನ ಕಾನ್ವೆಂಟ್ ಎಜುಕೇಶನ್ನಿಗೆ ಇಷ್ಟು ಸಾಕಲ್ಲ?

ಅವತ್ತು ಮಧ್ಯಾಹ್ನ ಅತ್ತೆ ನನ್ನ ತಾಟಿಗೆ ಎರಡು ರೊಟ್ಟಿ ಹಾಕಿ ಬುಟ್ಟಿ ಒಳಗಿಟ್ಟರು. "ಹಗೇವಿನ ಜ್ವಾಳಕ್ಕ ಹುಳ ಹತ್ತೇತಿ. ಇನ್ನ ಮ್ಯಾಲ ಎಲ್ಲಾರಿಗೂ ಎರಡೆರಡ."

ಐದು ರೊಟ್ಟಿಯ ಆಸಾಮಿಯಾದ ಯಜಮಾನರು ಸಂಜೆ ಕಂಗಾಲಾದರು. "ನನಗೂ ಎರಡ ಏನಬೇ?"

"ನಿನಗೂ ಎರಡ. ನನಗೂ ಎರಡ."

ಅವರು ಶಿಗ್ಗಾವಿಯ ಖಾನಾವಳಿಯಲ್ಲಿ ಕದ್ದು ಉಂಡು ಬರತೊಡಗಿದರು. ಅತ್ತೆ ಎಲ್ಲಿ ಉಣ್ಣಬೇಕು? ಎರಡಕ್ಕೇ ಎದ್ದು ನೀರು ಕುಡಿಯುತ್ತಿದ್ದರು. ನನಗೆ ಮಾತ್ರ ಸ್ವರ್ಗ. ಜೋಳಕ್ಕೆ ಬಿದ್ದ ಹುಳಕ್ಕೆ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳಿದೆ. ಸಮುದ್ರಕ್ಕೆ ಒಂದು ಚೂರೂ ಬೀಳಲಿಲ್ಲ. ತಿಂಗಳೊಳಗೆ ನೀರು ಸ್ಫಟಿಕದಂತಾಯಿತು, ಶಾವಂತಿಗಿ ಅರಳಿತು. "ಡಿಯರ್ ಸಿಸ್ಟರ್, ದಿ ಫೋಮ್ ಮೆಥಡ್ ಹ್ಯಾಸ್ ಸಕ್ಸೀಡೆಡ್" ಎಂದು ಹೆಮ್ಮೆಯಿಂದ ಪತ್ರ ಬರೆದೆ. ಆ ಸುಗ್ಗಿಯಲ್ಲಿ ಕಾಳು ತುಂಬಿಟ್ಟ ನೆಲದೊಳಗಿನ ಹಗೇವು ತೆಗೆದಾಗ ನೋಡಿದೆ, ಜೋಳ ಮುತ್ತಿನಂತಿತ್ತು. ಹುಳ ತಾನೇ ಹೋಗಿರಬೇಕು ಎಂದುಕೊಂಡೆ. ಅರ್ಧ ವಿಜ್ಞಾನ!

ಮೀನು ಇನ್ನೂ ಮೂರು ವರ್ಷ ಬದುಕಿತು. ಅದು ತೀರಿಕೊಂಡಾಗ ಅತ್ತೆ ಕಲ್ಲನ್ನೂ ಶಾವಂತಿಗಿಯನ್ನೂ ಕ್ಯಾನಿನಲ್ಲಿ ಕುಮಟಾಕ್ಕೆ ಒಯ್ದು, ಅದೇ ಸಮುದ್ರಕ್ಕೆ ಬಿಟ್ಟು ಬಂದರು. ಗಾಜಿನ ಪೆಟ್ಟಿಗೆ ಪಡಸಾಲೆಯಲ್ಲೇ ಉಳಿಯಿತು. ನಾನು ಅದರಲ್ಲಿ ನೂಲಿನ ಉಂಡೆಗಳನ್ನು ಇಟ್ಟುಕೊಂಡೆ.

ಎಂಬತ್ತರ ದಶಕದ ಕೊನೆಗೆ ಅತ್ತೆ ಹಾಸಿಗೆ ಹಿಡಿದರು. ಪೆಟ್ಟಿಗೆಯ ಪಕ್ಕದಲ್ಲೇ ಹಾಸಿಗೆ. ಹೊಟ್ಟೆಗೆ ಹೋದರಷ್ಟೇ ಜೀವ ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಷ್ಟು ಹೊತ್ತಿಗೆ ನಾನು ಪಕ್ಕಾ ಹಾನಗಲ್ಲಿನವಳಾಗಿದ್ದೆ. 'ಸಾಕು' ಎಂಬ ಮಾತು ನನ್ನ ಕಿವಿಗೂ ಬೀಳುತ್ತಿರಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಬೆಣ್ಣೆ ಕಲಸಿ, ತುತ್ತು ಮಾಡಿ ಉಣಿಸುತ್ತಿದ್ದೆ. ಒಂದು ದಿನ ನಾಲ್ಕು ತುತ್ತಿಗೆ ಅವರು ಮುಖ ತಿರುಗಿಸಿದರು.

"ಸಾಕವಾ."

"ಇದೊಂದ ಅತ್ಯಾರ. ಇದೊಂದ ತುತ್ತ."

ಅವರು ನನ್ನ ಕೈ ನೋಡಿದರು. ಆಮೇಲೆ ನಿಧಾನಕ್ಕೆ ಗಾಜಿನ ಪೆಟ್ಟಿಗೆಯ ಕಡೆ ತಿರುಗಿದರು. ಒಣಗಿದ ತುಟಿಯ ಮೂಲೆಯಲ್ಲಿ ಒಂದು ನಗು ಬಂತು.

"ಮೀನ ಹೋಗಿ ಎಷ್ಟ ವರ್ಷಾತು... ನಾ ಇದನ್ನ ಎಲ್ಲಿ ಹಾಕ್ಲೆವಾ?"

ನನ್ನ ಕೈ ನಡುದಾರಿಯಲ್ಲೇ ನಿಂತಿತು. ಕಡಗೋಲು, ಹುಳ ಹತ್ತಿದ ಜೋಳ, ಎರಡೇ ರೊಟ್ಟಿಗೆ ಎದ್ದು ಕುಡಿದ ನೀರು, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಹೇಳಬೇಕಾದದ್ದನ್ನು ಆಗಲಾದರೂ ಹೇಳಬಹುದಿತ್ತು. ಅದರ ಬದಲು ತುತ್ತನ್ನು ಹಿಂದಕ್ಕೆ ತೆಗೆದುಕೊಂಡು ನನ್ನ ಬಾಯಿಗೇ ಹಾಕಿಕೊಂಡೆ. ಕಣ್ಣಿಂದ ಇಳಿದದ್ದೂ ಅದರ ಜೊತೆಗೇ ಹೋಯಿತು.

ಅತ್ತೆ ನೋಡುತ್ತಲೇ ಇದ್ದರು. ನನ್ನ ಸೆರಗಿನ ಚುಂಗು ಹಿಡಿದು ಮೆಲ್ಲಗೆ ಜಗ್ಗಿದರು.

"ಉಪ್ಪು ಸರಿ ಐತೇನವಾ?"